ಹಾಡಿಯಿಂದ ಬಂದ ಚುಕ್ಕೆ ಮರಿ

ನಮ್ಮ ಹಟ್ಟಿಯಲ್ಲಿ ದನ ಕಟ್ಟುವುದು ನಿಂತ ಮೇಲೆ ಅಲ್ಲಿಗೆ ಬೆಕ್ಕುಗಳು ಬಂದವು. ಮೀನಿನ ಬುಟ್ಟಿಯ ಹಿಂದೆ ಬಾಲ ಎತ್ತಿಕೊಂಡು ಓಡುವ ನಮ್ಮೂರಿನ ಬೆಕ್ಕುಗಳಲ್ಲ. ಇವುಗಳ ಮೈಮೇಲೆ ಚಿರತೆಗೆ ಇರುವಂಥ ಕಪ್ಪು ಉಂಗುರದ ಚುಕ್ಕೆಗಳಿದ್ದವು. ತಂಗಿಯ ಮಗ ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದವನು, ಅದನ್ನು ಪಾಲುದಾರನಿಗೆ ಬಿಟ್ಟು ಹೆಂಡತಿ ಮಗಳೊಂದಿಗೆ ಊರಿಗೆ ಬಂದಾಗ ಎರಡು ಪಂಜರ ತಂದಿದ್ದ. ಒಂದರಲ್ಲಿ ಗಂಡು, ಇನ್ನೊಂದರಲ್ಲಿ ಹೆಣ್ಣು. ಹಿಂದೆ ಯಾರೋ ಕಾಡುಬೆಕ್ಕನ್ನೂ ಮನೆಬೆಕ್ಕನ್ನೂ ಕೂಡಿಸಿ ಹುಟ್ಟಿಸಿದ ತಳಿಯಂತೆ ಅದು. ತಲೆಮಾರು ಕಳೆದಂತೆ ಕಾಡಿನ ಗುಣ ಇಳಿದುಹೋಗಿದೆ, ಬಣ್ಣ ಮಾತ್ರ ಉಳಿದಿದೆ ಎಂದು ಅವನು ನನಗೆ ವಿವರಿಸಿದ.

ಹಟ್ಟಿಯಂಗಡಿಯ ಕಡೆಯ ಈ ಮನೆಯಲ್ಲಿ ನಾನು ಅವರೊಂದಿಗೇ ಇದ್ದೇನೆ. ಬ್ರಹ್ಮಾವರದ ಒಂದು ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡಿನ ಮುಖ್ಯ ನರ್ಸ್ ಆಗಿ ನಿವೃತ್ತಳಾದವಳು. ಕೆಲಸ ಬಿಟ್ಟರೂ ವಾರ್ಡು ನನ್ನನ್ನು ಬಿಟ್ಟಿಲ್ಲ. ಬೆಳಿಗ್ಗೆ ಎದ್ದು ಕಿಟಕಿ ತೆರೆಯುವುದಕ್ಕೆ ಒಂದು ಕ್ರಮ, ಸಂಜೆ ಚಿಲಕ ಹಾಕುವುದಕ್ಕೆ ಒಂದು ಕ್ರಮ. ಬೆಕ್ಕುಗಳಿಗೂ ಕ್ರಮ ಹಾಕಿದೆ. ಮುಟ್ಟುವ ಮೊದಲು ಕೈ ತೊಳೆಯಬೇಕು, ಮುಟ್ಟಿದ ಮೇಲೆ ಮತ್ತೆ ತೊಳೆಯಬೇಕು. ಮರಿ ಹಾಕಿದ ತಾಯಿಯ ಪಂಜರಕ್ಕೆ ಬಟ್ಟೆ ಮುಚ್ಚಿರಬೇಕು. ದೀಪ ಹಚ್ಚುವ ಹೊತ್ತಿಗೆ ನಾನೇ ಒಂದು ಸುತ್ತು ಹೋಗಿ ಎಲ್ಲ ಜಾಲರಿ ಬಾಗಿಲುಗಳನ್ನು ಎಳೆದು ನೋಡುತ್ತಿದ್ದೆ.

ಹುಡುಗ, ಅಂದರೆ ತಂಗಿಯ ಮಗ, ತಳಿಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಮರಿಗಳು ಕಣ್ಣು ಬಿಟ್ಟ ಮೇಲೆ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದ. ಚುಕ್ಕೆ ಒಡೆದು ಗೆರೆಯಾಗಿದ್ದರೆ ಅದನ್ನು ಪರಿಚಯದವರ ಮನೆಗೆ ಸುಮ್ಮನೆ ಕೊಟ್ಟುಬಿಡುತ್ತಿದ್ದ. ಉಂಗುರ ಸರಿಯಾಗಿ ಕೂಡಿದ್ದನ್ನು ಮಾತ್ರ ಮುಂದಿನ ಮರಿಗಳಿಗಾಗಿ ಉಳಿಸಿಕೊಳ್ಳುತ್ತಿದ್ದ. ಆದರೂ ಅವನಿಗೆ ತೃಪ್ತಿ ಇರಲಿಲ್ಲ. ಕಿವಿ ಇನ್ನೂ ಚೂಪು, ಬಾಲ ಇನ್ನೂ ಸಪೂರ ಎನ್ನುತ್ತಿದ್ದ. "ಕಿವಿ ಗುಂಡಗ್ ಆಯ್ಕ್ ದೊಡ್ಡಮ್ಮ, ಬಾಲ ದಪ್ಪ ಆಯ್ಕ್. ಕಂಡ್ ಕೂಡ್ಲೇ ಎದಿ ಧಸಕ್ ಅನ್ಕ್" ಎಂದು ಒಮ್ಮೆ ಹೇಳಿದ. ನನಗೆ ಆಗಲೇ ಎದೆ ಧಸಕ್ ಎಂದಿತ್ತು. ಅದಕ್ಕೆ ಕಾರಣ ಅವನ ಮಗಳು.

ಅವಳಿಗೆ ಇನ್ನೂ ಶಾಲೆಗೆ ಹೋಗುವ ವಯಸ್ಸಾಗಿಲ್ಲ. ತಾಯಿ ಕೋಟದ ಶಾಲೆಯೊಂದರಲ್ಲಿ ಟೀಚರು. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೇ ಬರುವುದು. ಮಗು ಇಡೀ ದಿನ ನನ್ನ ಕೈಯಲ್ಲಿ. ಅವಳು ನಡೆಯಲು ಕಲಿತದ್ದೇ ಈ ಬೆಕ್ಕುಗಳ ಬೆನ್ನು ಹಿಡಿದು. ಚುಕ್ಕೆಯ ಮೈ ಕಂಡರೆ ಅವಳಿಗೆ ತಲೆದಿಂಬು ಕಂಡ ಹಾಗೆ, ಹೋಗಿ ಕೆನ್ನೆ ಒತ್ತುತ್ತಾಳೆ. ನಮ್ಮ ಹಟ್ಟಿಯ ಹಿಂದೆ ಕುರುಚಲು ಮರಗಳ ಹಾಡಿ ಇದೆ, ಅದು ಮೇಲಕ್ಕೆ ಹೋಗಿ ಗುಡ್ಡಕ್ಕೆ ಸೇರುತ್ತದೆ. ಆ ಗುಡ್ಡದಲ್ಲಿ ಹುಲಿ ಇದೆ. ಚಿರತೆಯನ್ನೂ ನಾವು ಹುಲಿ ಎಂದೇ ಹೇಳುವುದು. ಅಲ್ಲೊಂದು ಇಲ್ಲೊಂದು ನಾಯಿ ಕಾಣೆಯಾಗುತ್ತದೆ, ಹುಲಿ ಯಾರದೋ ಬಾವಿಗೆ ಬೀಳುತ್ತದೆ, ಅರಣ್ಯದವರು ಬಂದು ಬಲೆ ಹಾಕುತ್ತಾರೆ. ನಾವು ಸಣ್ಣವರಿದ್ದಾಗ ಹಾಡಿಯಲ್ಲಿ ಏನಾದರೂ ಹಳದಿ ಅಲುಗಿದರೆ ಓಡಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈ ಮಗು ಓಡುತ್ತದೆ, ಆದರೆ ಅದರ ಕಡೆಗೇ ಓಡುತ್ತದೆ ಎಂದು ನನಗೆ ಹೆದರಿಕೆ. ಹೇಳಿದರೆ ಹುಡುಗ ನಗುತ್ತಿದ್ದ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಮರಿ ತಪ್ಪಿಸಿಕೊಂಡಿತು. ಅವನು ಬಹಳ ದಿನ ಕಾದು ಪಡೆದ ಮರಿ ಅದು, ಉಂಗುರ ಅಷ್ಟು ಚೆನ್ನಾಗಿ ಕೂಡಿತ್ತು. ಅವನಿಗಿದ್ದ ದೊಡ್ಡ ಭಯವೆಂದರೆ ಯಾರಾದರೂ ಹುಲಿಮರಿ ಎಂದು ತಿಳಿದು ಹೊಡೆದು ಹಾಕಿಯಾರು ಎಂಬುದು. ಅದಕ್ಕೆ ಊರಿಡೀ ತಿರುಗಿದ. ಮನೆಮನೆಗೆ ಹೋಗಿ ಫೋಟೋ ತೋರಿಸಿದ, ಎಲ್ಲರ ವಾಟ್ಸಾಪಿಗೆ ಕಳಿಸಿದ. ಚುಕ್ಕೆ ಇದ್ದದ್ದು ಕಂಡರೆ ಹೆದರಬೇಡಿ, ಅದು ನಮ್ಮ ಬೆಕ್ಕು, ಏನೂ ಮಾಡುವುದಿಲ್ಲ, ಹಿಡಿದು ತಂದುಕೊಡಿ ಎಂದ. ಅರಣ್ಯ ಇಲಾಖೆಯವರಿಗೂ ಹೇಳಿ ಬಂದ. ನಮ್ಮಲ್ಲಿ ಇನ್ನೊಬ್ಬರ ಕರು ತಪ್ಪಿ ಬಂದರೆ ಕಟ್ಟಿಹಾಕಿ ಸುದ್ದಿ ಕಳಿಸುವುದು ಹಳೆಯ ಮರ್ಯಾದೆ. ಬೆಕ್ಕಿನ ವಿಷಯದಲ್ಲೂ ಜನ ಹಾಗೇ ಒಪ್ಪಿಕೊಂಡರು. ಮೊದಮೊದಲು ಹೆದರಿದವರು ಆಮೇಲೆ ನಗುತ್ತಾ, ನಿಮ್ಮ ಹುಲಿ ಸಿಕ್ಕಿತೇ ಎಂದು ದಾರಿಯಲ್ಲಿ ಕೇಳತೊಡಗಿದರು. ಮರಿ ಮಾತ್ರ ಸಿಗಲಿಲ್ಲ.

ಹಾಡಿಯಲ್ಲಿ ಎಲೆ ಉದುರುವ ಕಾಲ ಬಂತು. ಒಣ ಎಲೆಯನ್ನು ನಾವು ದರಲೆ ಎನ್ನುತ್ತೇವೆ. ದನ ಇರುವವರು ಅದನ್ನು ಗುಡಿಸಿ, ಹೆಡಿಗೆ ಎಂಬ ದೊಡ್ಡ ಬುಟ್ಟಿಯಲ್ಲಿ ತುಂಬಿ, ತಮ್ಮ ಹಟ್ಟಿಗೆ ಹಾಸಲು ಒಯ್ಯುತ್ತಾರೆ. ನಮ್ಮ ಹಾಡಿಯನ್ನು ಗುಡಿಸುವವಳು ಪಕ್ಕದ ಮನೆಯ ಹೆಂಗಸು. ನಾಲ್ಕು ದನ ಸಾಕಿದ್ದಾಳೆ. ಬಹಳ ಚೊಕ್ಕಟ ಕೆಲಸ, ಅವಳು ಗುಡಿಸಿ ಹೋದ ನೆಲದಲ್ಲಿ ಊಟಕ್ಕೆ ಎಲೆ ಹಾಕಬಹುದು. ಮರದ ಬುಡದಿಂದ ಬುಡಕ್ಕೆ ಗುಡಿಸುತ್ತಾ ಮೇಲಕ್ಕೆ ಹೋಗುತ್ತಾಳೆ.

ಆ ದಿನ ಹುಡುಗ ನಾವುಂದದ ಒಂದು ಮನೆಗೆ ಮರಿ ಕೊಡಲು ಹೋಗಿದ್ದ. ಮಧ್ಯಾಹ್ನದ ಬಿಸಿಲು ಇಳಿಯುತ್ತಿತ್ತು. ಅವಳು ಹೆಡಿಗೆ ಹೊತ್ತು ಅಂಗಳಕ್ಕೆ ಬಂದು, "ಹ್ವಾಯ್ ಅಕ್ಕಾ, ನಿಮ್ ಹುಲಿ ಸಿಕ್ತ್ ಕಾಣಿ. ಸಿಹಿ ಎಂತ ಕೊಡ್ತ್ರಿ ನಂಗೆ?" ಎಂದು ನಗುತ್ತಾ ಹೆಡಿಗೆ ಇಳಿಸಿದಳು. ದರಲೆಯ ಮೇಲೆ ಒಂದು ಮರಿ ಮುದುಡಿಕೊಂಡು ಕೂತಿತ್ತು. ಮೇಲಿನ ಬಂಡೆಯ ಹತ್ತಿರ ಪೊದೆಯೊಳಗೆ ಕೂಗುತ್ತಿತ್ತಂತೆ.

ಮೊದಲ ನೋಟಕ್ಕೆ ನನಗೆ ಸಂತೋಷವಾಯಿತು ಎಂದರೆ ನಂಬಬೇಕು. ಅವನು ಬಯಸುತ್ತಿದ್ದ ಕಿವಿ ಅದಕ್ಕಿತ್ತು. ಗುಂಡಗೆ, ಪುಟ್ಟದಾಗಿ, ಹಿಂದೆ ಕಪ್ಪಾಗಿ. ಬಾಲ ದಪ್ಪಗಿತ್ತು. ತಪ್ಪಿಸಿಕೊಂಡ ಮರಿ ಬೆಳೆದು ಹೀಗಾಯಿತೇನೋ ಅಂದುಕೊಂಡೆ. ಅಷ್ಟರಲ್ಲಿ ಮಗು ಅದನ್ನು ತನ್ನ ಲಂಗದಲ್ಲಿ ಹಾಕಿಕೊಂಡು ಕೂತಾಗಿತ್ತು. ಕೈ ತೊಳೆಯದೆ ಮುಟ್ಟಿದ್ದಕ್ಕೆ ಗದರಿಸಿ ನಾನೇ ಅದನ್ನು ಎತ್ತಿಕೊಂಡೆ. ಎತ್ತಿದ ಕೂಡಲೇ ಕೈಗೆ ತಿಳಿಯಿತು. ಹುಟ್ಟಿದ ಮಕ್ಕಳನ್ನು ತಕ್ಕಡಿಗೆ ಇಡುವ ಮೊದಲೇ ತೂಕ ಹೇಳುತ್ತಿದ್ದ ಕೈ ಇದು. ಹಾಲು ಬಿಡದ ಬೆಕ್ಕಿನ ಮರಿಗೆ ಈ ಭಾರ ಇರುವುದಿಲ್ಲ. ಪಾದ ನನ್ನ ಹೆಬ್ಬೆರಳಿಗಿಂತ ಅಗಲ. ಕಣ್ಣಿನ ಮೇಲೆ ಇನ್ನೂ ನೀಲಿ ಪೊರೆ. ಅಂದರೆ ಇಷ್ಟು ದೊಡ್ಡದು ಇನ್ನೂ ಎಳೆಯ ಶಿಶು. ಅದು ಬಾಯಿ ತೆರೆದು ನನ್ನ ಮುಖಕ್ಕೆ ಉಸಿರು ಬಿಟ್ಟಿತು. ಆ ವಾಸನೆ ನಮ್ಮ ಹಟ್ಟಿಯದಾಗಿರಲಿಲ್ಲ.

ಕೈ ನಡುಗಲಿಲ್ಲ. ವಾರ್ಡಿನಲ್ಲಿ ಕೈ ನಡುಗಬಾರದೆಂದು ಕಲಿಸುತ್ತಾರೆ. ಮರಿಯನ್ನು ಹೆಡಿಗೆಯಲ್ಲಿಟ್ಟು ಹುಡುಗನಿಗೆ ಫೋನ್ ಮಾಡಿದೆ. ಅವನು ಕಿವಿಯ ವಿಷಯ ಕೇಳಿದ. ಹೇಳಿದೆ. ಆಮೇಲೆ, "ಬೋನೊಳಗ್ ಹಾಕಿ ಇಡಿ ದೊಡ್ಡಮ್ಮ. ಯಾರಿಗೂ ಹೇಳ್ಬೇಡಿ. ನಾ ಈಗ್ಲೇ ಬತ್ತೆ" ಎಂದ. ಅವನ ದನಿಯಲ್ಲಿದ್ದದ್ದು ಹೆದರಿಕೆಯಲ್ಲ, ಆಸೆ. ಅದನ್ನು ಕೇಳಿ ನನ್ನ ಹೆದರಿಕೆ ಇನ್ನಷ್ಟು ಹೆಚ್ಚಾಯಿತು. ಇದನ್ನು ಬೋನಿನಲ್ಲಿಟ್ಟರೆ ಇದರ ತಾಯಿ ಎಲ್ಲಿಗೆ ಬರುತ್ತದೆ ಎಂದು ಕೇಳಿ ಫೋನ್ ಇಟ್ಟೆ.

ಅರಣ್ಯ ಇಲಾಖೆಗೆ ಫೋನ್ ಮಾಡಿದರೆ ಅಲ್ಲಿಯವರು ನನ್ನನ್ನೇ ಸಮಾಧಾನ ಮಾಡಿದರು. ಅದು ನಿಮ್ಮ ಮನೆಯ ಬೆಕ್ಕೇ ಅಲ್ಲವೇ, ನಿಮ್ಮ ಹುಡುಗ ಬಂದು ಹೇಳಿ ಹೋಗಿದ್ದಾರಲ್ಲ ಎಂದರು. ನಾನು ಫೋಟೋ ಕಳಿಸಿದೆ. ಅವರೇ ತಿರುಗಿ ಫೋನ್ ಮಾಡಿದರು. ಈ ಸಲ ದನಿ ಬದಲಾಗಿತ್ತು.

"ಅಮ್ಮಾ, ಮನೆಯಲ್ಲಿ ಮಕ್ಕಳಿದ್ದಾರಾ? ಮೊದಲು ಒಳಗೆ ಕರೆದುಕೊಳ್ಳಿ."

ತಿರುಗಿ ನೋಡಿದರೆ ಮಗು ಇಲ್ಲ. ಹೆಡಿಗೆಯೂ ಇಲ್ಲ. ದರಲೆ ತಂದವಳು ಜಗಲಿಯಲ್ಲಿ ಕೂತು ನೀರು ಕುಡಿಯುತ್ತಿದ್ದಳು. ಬೆಕ್ಕನ್ನು ಅದರ ಮನೆಗೆ ಬಿಡುತ್ತೇನೆಂದು ಮಗು ಹೆಡಿಗೆ ಎಳೆದುಕೊಂಡು ಹೋಯಿತು ಎಂದಳು. ಅವಳ ತಪ್ಪಿಲ್ಲ. ಅವಳಿಗೆ ನಾನಿನ್ನೂ ಹೇಳಿರಲಿಲ್ಲ.

ಬೆಕ್ಕಿನ ಮನೆ ಎಂದರೆ ಹಟ್ಟಿ. ಹಟ್ಟಿಯ ಹಿಂದೆ ಹಾಡಿ. ಓಡಿದೆ. ಈ ಮೊಣಕಾಲಿನಲ್ಲಿ ಓಡಿ ವರ್ಷಗಳಾಗಿದ್ದವು.

ಹಟ್ಟಿಯೊಳಗೆ ಕಾಲಿಟ್ಟಾಗ ನನ್ನ ಕೂದಲು ನಿಮಿರಿದ್ದು ಶಬ್ದಕ್ಕಲ್ಲ, ಶಬ್ದವಿಲ್ಲದ್ದಕ್ಕೆ. ಆ ಹೊತ್ತಿಗೆ ನಮ್ಮ ಬೆಕ್ಕುಗಳು ಮೀನಿಗಾಗಿ ಕಿರುಚಿ ಜಾಲರಿ ಅಲ್ಲಾಡಿಸುತ್ತವೆ. ಈಗ ಎಲ್ಲವೂ ಪಂಜರದ ಮೂಲೆಯಲ್ಲಿ ನೆಲಕ್ಕೆ ಅಂಟಿಕೊಂಡಿದ್ದವು. ಹೊಟ್ಟೆ ನೆಲಕ್ಕೆ, ಕಿವಿ ತಲೆಗೆ. ಎಲ್ಲದರ ಮುಖ ಹಿಂಬಾಗಿಲ ಕಡೆಗೆ. ಹುಲಿಯ ಹಾಗೆ ಕಾಣಲೆಂದು ಆರಿಸಿ ಆರಿಸಿ ಹುಟ್ಟಿಸಿದವು, ಇಲಿಮರಿಗಳ ಹಾಗೆ ನಡುಗುತ್ತಿದ್ದವು.

ಹಿಂಬಾಗಿಲು ತೆರೆದಿತ್ತು. ಹೊರಗೆ ಒಗೆಯುವ ಕಲ್ಲಿನ ಮೇಲೆ ಮಗು ಕೂತಿದ್ದಳು. ಮರಿ ಅವಳ ಮಡಿಲಲ್ಲಿ ಕೂಗುತ್ತಿತ್ತು. ಹೆಡಿಗೆ ಪಕ್ಕದಲ್ಲಿ ಮಗುಚಿ ಬಿದ್ದಿತ್ತು. ಹಾಡಿಯೊಳಗೆ ಏನೂ ಕಾಣಲಿಲ್ಲ. ಆದರೆ ಮೇಲೆ, ಇನ್ನೂ ಗುಡಿಸದ ಕಡೆ, ದರಲೆ ಸದ್ದಾಯಿತು. ಒಂದು ಹೆಜ್ಜೆ. ನಿಂತಿತು. ಮತ್ತೆ ಒಂದು. ದನ ನಡೆದರೆ ಹಾಗಾಗುವುದಿಲ್ಲ, ನಾಯಿ ನಡೆದರೂ ಇಲ್ಲ. ನಾನು ಬಾಗಿಲಲ್ಲೇ ನಿಂತು ಆ ಸದ್ದಿಗೆ ಕಿವಿಗೊಟ್ಟೆ. ಅದು ಇಳಿಯುತ್ತಾ ಬಂತು. ಆಮೇಲೆ ನಿಂತೇಹೋಯಿತು.

ಹೋಯಿತು ಎಂದು ಒಂದು ಕ್ಷಣ ಉಸಿರು ಬಿಟ್ಟೆ. ಮರುಕ್ಷಣವೇ ಹೊಳೆಯಿತು. ಅದು ಹೋಗಿಲ್ಲ. ಗುಡಿಸಿದ ನೆಲಕ್ಕೆ ಬಂದಿದೆ. ಇನ್ನು ಅದು ಎಷ್ಟು ಹತ್ತಿರ ಬಂದರೂ ನನಗೆ ಕೇಳಿಸುವುದಿಲ್ಲ.

ಕಿರುಚಲಿಲ್ಲ, ಓಡಲಿಲ್ಲ. ವಾರ್ಡಿನಲ್ಲಿ ನಿದ್ದೆ ಹೋದ ಮಗುವಿನ ಹತ್ತಿರ ಹೋಗುವ ಹಾಗೆ ನಡೆದು ಕಲ್ಲಿನ ಹತ್ತಿರ ಹೋದೆ. ಮರಿಯನ್ನು ಅವಳ ಮಡಿಲಿಂದ ಎತ್ತಿ, ಕಲ್ಲಿನಾಚೆ ಚೆಲ್ಲಿದ್ದ ದರಲೆಯ ಮೇಲೆ ಇಟ್ಟೆ. ಮಗುವನ್ನು ಸೊಂಟಕ್ಕೆ ಎತ್ತಿಕೊಂಡೆ. ಅವಳು ಕೈಕಾಲು ಬಡಿದು, "ನಂಗ್ ಬೇಕ್, ಅದ್ ನಮ್ದ್" ಎಂದು ಅರಚತೊಡಗಿದಳು. ನಾನು ಹಾಡಿಗೆ ಬೆನ್ನು ಕೊಡದೆ ಹಿಂದೆ ಹಿಂದೆ ಹೆಜ್ಜೆ ಹಾಕಿದೆ. ಹಿಂಬಾಗಿಲು ಎಳೆದುಕೊಂಡು ಅಗುಳಿ ಹಾಕಲು ಹೋದೆ. ಎರಡು ಸಲ ತಪ್ಪಿ ಮೂರನೆಯ ಸಲ ಬಿತ್ತು.

ಬಾಗಿಲ ಆಚೆ ಮರಿಯ ಕೂಗು ಇನ್ನೊಂದಿಷ್ಟು ಹೊತ್ತು ಕೇಳಿತು. ಆಮೇಲೆ ನಡುವೆಯೇ ತುಂಡಾಯಿತು.

ದರಲೆಯವಳನ್ನೂ ಮನೆಯೊಳಗೆ ಕರೆದು, ಎಲ್ಲ ಬಾಗಿಲು ಹಾಕಿ, ಅವಳಿಗೆ ವಿಷಯ ಹೇಳಿದೆ. ಅವಳು ತನ್ನ ಎರಡು ಕೈಗಳನ್ನೂ ನೋಡಿಕೊಂಡು ಗೋಡೆಗೆ ಒರಗಿ ಕೂತುಬಿಟ್ಟಳು. "ನಾ ಅದ್ಕ್ ಮುತ್ ಕೊಟ್ಟಿದ್ದೆ ಅಕ್ಕಾ" ಎಂದು ಮೆಲ್ಲನೆ ಹೇಳಿದಳು. ಆಮೇಲೆ ಅಳತೊಡಗಿದಳು. ಮಗುವಿನ ಮೈಯನ್ನು ಸಾಬೂನು ಹಾಕಿ ತೊಳೆದೆ, ಒಂದು ಗೀರೂ ಇಲ್ಲವೆಂದು ಬೆರಳು ಬೆರಳು ಬಿಡಿಸಿ ನೋಡಿದೆ. ಅವಳ ಲಂಗವನ್ನು ಕುದಿಯುವ ನೀರಿಗೆ ಹಾಕಿದೆ.

ಬೆಳಕಿರುವಾಗಲೇ ಅರಣ್ಯದವರು ಬಂದರು, ಅವರ ಹಿಂದೆಯೇ ಹುಡುಗನೂ ಬಂದ. ದರಲೆಯ ಮೇಲೆ ಮರಿ ಇರಲಿಲ್ಲ. ಗುಡಿಸಿದ ನುಣ್ಣನೆಯ ಮಣ್ಣಿನಲ್ಲಿ ಹೆಜ್ಜೆಗಳು ಅಚ್ಚು ಹಾಕಿದಂತೆ ಮೂಡಿದ್ದವು. ಒಗೆಯುವ ಕಲ್ಲಿನವರೆಗೆ ಬಂದು, ಕಲ್ಲಿಗೆ ಒಂದು ಸುತ್ತು ಹಾಕಿ, ಹಿಂತಿರುಗಿದ್ದವು. ಒಂದು ಹೆಜ್ಜೆಯೊಳಗೆ ಮಗುವಿನ ಪ್ಲಾಸ್ಟಿಕ್ ಬಳೆ ಬಿದ್ದಿತ್ತು. ಹುಡುಗ ಅದನ್ನು ಹೆಕ್ಕಲು ಬಗ್ಗಿದವನು ಅಲ್ಲೇ ಕುಕ್ಕರಿಸಿ ಕೂತ.

ಮರುದಿನದಿಂದ ಅವನು ಮತ್ತೆ ಮನೆಮನೆಗೆ ಹೋದ. ಚುಕ್ಕೆ ಕಂಡರೆ ಹೆದರಿ, ಮುಟ್ಟಬೇಡಿ, ಮಕ್ಕಳನ್ನು ಒಳಗೆ ಕರೆದುಕೊಳ್ಳಿ ಎಂದು ಹೇಳುತ್ತಾ ಹೋದ. ಜನ ಬಿಡುತ್ತಾರೆಯೇ? ಒಬ್ಬರು ಮುದುಕರು ಅವನನ್ನು ಕೂರಿಸಿ ಕಾಫಿ ಕೊಟ್ಟು, "ಒಂದ್ ಸಲ ಹೆದ್ರಬೇಡಿ ಅಂಬೆ, ಒಂದ್ ಸಲ ಹೆದ್ರಿ ಅಂಬೆ. ನಮ್ ಹೆದ್ರಿಕಿ ಎಂತ ನಿನ್ ಹೋಟ್ಲಿನ್ ಲೈಟಾ ಮಾರಾಯ, ನೀ ಸ್ವಿಚ್ ಹಾಕ್ದಂಗೆ ಹತ್ತುಕೆ?" ಎಂದರಂತೆ. ಅವನು ಬಂದು ಹೇಳಿದಾಗ ನಾವಿಬ್ಬರೂ ನಗಲಿಲ್ಲ. ದೊಡ್ಡ ಬೆಕ್ಕುಗಳು ಈಗಲೂ ಹಟ್ಟಿಯಲ್ಲಿವೆ. ಹೊಸ ಮರಿ ಹುಟ್ಟಿಸುವುದನ್ನು ನಿಲ್ಲಿಸಿದ್ದಾನೆ. ಹಿಂಬಾಗಿಲಿಗೆ ಇಟ್ಟಿಗೆ ಕಟ್ಟಿಸಿದ್ದೇವೆ.

ತಪ್ಪಿಸಿಕೊಂಡ ಮರಿ ಇನ್ನೂ ಸಿಕ್ಕಿಲ್ಲ. ಬದುಕಿದ್ದರೆ ಈಗ ಬೆಳೆದಿರಬೇಕು. ಹಾಡಿಯಂಚಿನಲ್ಲಿ ಚುಕ್ಕೆಯದೇನೋ ಹಾದುಹೋಯಿತು ಎಂದು ಆಗಾಗ ಯಾರಾದರೂ ಹೇಳುತ್ತಾರೆ. ಯಾವುದು ಎಂದು ಯಾರಿಗೂ ಖಚಿತವಿಲ್ಲ. ದರಲೆಯವಳು ನಮ್ಮ ಹಾಡಿಗೆ ಬರುವುದನ್ನು ಬಿಟ್ಟಿದ್ದಾಳೆ. ಎಲೆ ಬಿದ್ದಲ್ಲೇ ದಪ್ಪಗೆ ಕೂತಿದೆ. ಅದು ನನಗೆ ಒಳ್ಳೆಯದೇ, ಏನು ನಡೆದರೂ ಕೇಳಿಸುತ್ತದೆ.

ನನ್ನ ಇಡೀ ಆಯುಷ್ಯ ಮಕ್ಕಳಿಗೆ ಹೆದರಬೇಡ ಎಂದು ಹೇಳಿಕೊಡುವುದರಲ್ಲಿ ಕಳೆಯಿತು. ಸೂಜಿಗೆ ಹೆದರಬೇಡ, ಕತ್ತಲೆಗೆ ಹೆದರಬೇಡ. ಈಗ ಈ ಒಂದು ಮಗುವಿಗೆ ಹೆದರುವುದನ್ನು ಕಲಿಸುತ್ತಿದ್ದೇನೆ. ಬೆಳಿಗ್ಗೆ ಹಾಲು ಕುಡಿದ ಮೇಲೆ ಒಂದು ಸಲ, ಸಂಜೆ ಕಾಲು ತೊಳೆದ ಮೇಲೆ ಒಂದು ಸಲ. ಚುಕ್ಕೆ ಕಂಡರೆ ನಿಲ್ಲಬೇಕು. ಮುಟ್ಟಬಾರದು. ದೊಡ್ಡವರನ್ನು ಕರೆಯಬೇಕು. ಅವಳು ಪದ್ಯದ ಹಾಗೆ ಒಪ್ಪಿಸುತ್ತಾಳೆ, ಮರುಗಳಿಗೆಗೆ ಹೋಗಿ ಪಂಜರದೊಳಗೆ ಕೈ ಹಾಕುತ್ತಾಳೆ. ಎಷ್ಟೋ ದಿನ ಹಾಗೇ ಆಯಿತು.

ಮೊನ್ನೆ ಸಂಜೆ ಅಂಗಳದಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಪಾಗಾರದ ಗೋಡೆಯ ಮೇಲೆ ಚುಕ್ಕೆಯದೊಂದು ಬಂದು ಕೂತಿತು. ಮಗು ಎರಡು ಹೆಜ್ಜೆ ಓಡಿದವಳು ತಟ್ಟನೆ ನಿಂತಳು. ಹಿಂದಕ್ಕೆ ಬಂದು ನನ್ನ ಸೀರೆಯ ಸೆರಗು ಹಿಡಿದಳು. ಅವಳ ಮುಷ್ಟಿ ಬಿಗಿಯಾಗಿತ್ತು. ಅಂಥ ಮುಷ್ಟಿಯನ್ನು ನಾನು ವಾರ್ಡಿನಲ್ಲಿ ಎಷ್ಟೋ ಸಲ ಬಿಡಿಸಿದ್ದೆ.

"ಅಜ್ಜಿ, ಅದ್ ನಮ್ದಾ?" ಎಂದು ಕೇಳಿದಳು.

ಅವಳ ಮುಷ್ಟಿ ಬಿಡಿಸಲಿಲ್ಲ. ಬಟ್ಟೆಯನ್ನು ಕೆಳಗೆ ಹಾಕಿ ಅವಳನ್ನು ಎತ್ತಿಕೊಂಡೆ. ಕಿವಿ ಚೂಪೇ, ಗುಂಡೇ ಎಂದು ಮೊದಲು ನೋಡಿದೆ.