ವಾರದ ಸೂಜಿ, ಅತ್ತೆಯ ಎಡೆ

ಮೊದಲು ಹೇಸಿಗೆ ಹುಟ್ಟಿಸಿದ್ದು ಕಾಫಿ. ಕಾಫಿ ತೋಟದ ಮನೆಯಲ್ಲಿ ಬಾಳುವವಳಿಗೆ ಇದಕ್ಕಿಂತ ಶಿಕ್ಷೆ ಬೇಕೆ? ಬೆಳಗ್ಗೆ ನಮ್ಮ ಮನೆಯವರು ಲೋಟ ಹಿಡಿದು ಪಕ್ಕದಲ್ಲಿ ಕೂತರೆ ನಾನು ಎದ್ದು ಅಂಗಳಕ್ಕೆ ಹೋಗುತ್ತಿದ್ದೆ. ಆಮೇಲೆ ಒಗ್ಗರಣೆ, ಆಮೇಲೆ ಮೀನು, ಕೊನೆಗೆ ಬೇಯುವ ಅನ್ನದ ಗಂಜಿಯೂ ಸೇರದಾಯಿತು. ಇದೆಲ್ಲ ತೂಕ ಇಳಿಸಲು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಇಂಜೆಕ್ಷನ್ನಿನ ಕೃಪೆ. ಚಿಕ್ಕಮಗಳೂರಿನ ಡಾಕ್ಟರು ಬರೆದುಕೊಟ್ಟಿದ್ದರು. ಮಂಡಿ ಸವೆದಿದೆ, ಮೈ ಇಳಿಯದಿದ್ದರೆ ಆಪರೇಷನ್ನೇ ಗತಿ ಎಂದಿದ್ದರು. ಗೋಣಿಬೀಡಿನ ಹತ್ತಿರದ ನಮ್ಮ ತೋಟ ಪೂರ್ತಿ ಇಳಿಜಾರು. ಹಣ್ಣು ಕುಯ್ಯುವ ಕಾಲದಲ್ಲಿ ಏರು ಹತ್ತಲಾಗದೆ ಗಿಡದ ಬುಡದಲ್ಲಿ ಕೂತು ಅತ್ತದ್ದೂ ಉಂಟು. ಹಾಗಾಗಿ ಒಪ್ಪಿಕೊಂಡೆ.

ಹೊಟ್ಟೆಯ ಮಡಿಕೆಯನ್ನು ಬೆರಳಲ್ಲಿ ಎತ್ತಿ ಹಿಡಿದು ಸೂಜಿ ಚುಚ್ಚುವಾಗ ನನ್ನ ಮೈ ಕಂಡು ನನಗೇ ಅಸಹ್ಯವಾಗುತ್ತಿತ್ತು. ಔಷಧಿ ತುಂಬಿದ ಪೆನ್ನು ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಮಲಗಿರುತ್ತಿತ್ತು, ಅದನ್ನು ಕಂಡರೆ ಮೊಸರೂ ಬೇಡವಾಗುತ್ತಿತ್ತು. ಕೊಳೆತ ಮೊಟ್ಟೆಯಂಥ ತೇಗು ಬರುತ್ತಿತ್ತು. ಡಾಕ್ಟರನ್ನು ಕೇಳಿದರೆ, ಸ್ವಲ್ಪ ದಿನ ಹಾಗೇ, ಆಮೇಲೆ ಒಗ್ಗುತ್ತದೆ ಎಂದರು. ಊರಿನವರು ಮಾತ್ರ ಕಂಡಲ್ಲೆಲ್ಲ ಹೊಗಳಿದರು. “ಈಗ ನೋಡಕ್ಕೆ ಎಷ್ಟ್ ಲಕ್ಷಣ ಆಗಿದೀರಿ” ಎಂದರು. ಹಾಗಾದರೆ ಇಷ್ಟು ವರ್ಷ ನನ್ನನ್ನು ನೋಡಿ ಏನಂದುಕೊಳ್ಳುತ್ತಿದ್ದರು? ಆ ಹೊಗಳಿಕೆಯೂ ತೇಗಿನ ಜೊತೆಗೇ ಮೇಲೆ ಬರುತ್ತಿತ್ತು.

ಹೀಗಿರುವಾಗ ಮಹಾಲಯ ಅಮಾವಾಸ್ಯೆ ಬಂತು. ತೀರಿಹೋದ ಹಿರಿಯರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಬಾಳೆಲೆಯಲ್ಲಿ ಎಡೆ ಇಡುವ ದಿನ. ನಮ್ಮತ್ತೆ ಹೋದ ಮೇಲೆ ಅವರಿಗೆ ಇಡುವ ಮೊದಲ ಎಡೆ ಅದು. ಅವರಿಗೆ ಕಡುಬು, ಹಂದಿ ಸಾರು ಎಂದರೆ ಪ್ರಾಣ. ಆದರೆ ಎಡೆಯ ಅಡುಗೆಯನ್ನು ಮುಂಚಿತವಾಗಿ ಯಾರೂ ರುಚಿ ನೋಡುವಂತಿಲ್ಲ. ಉಪ್ಪು ಹಿಡಿದಿದೆಯೇ ಎಂಬುದನ್ನು ಕುದಿಯುವ ಸಾರಿನ ಹಬೆ ಮೂಸಿಯೇ ತಿಳಿಯಬೇಕು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ನನ್ನ ತಲೆಯನ್ನು ಪಾತ್ರೆಯ ಮೇಲೆ ಬಗ್ಗಿಸಿ ಹಿಡಿದಿದ್ದರು. “ಈಗ ಮೂಸು. ಈಗ ಉಪ್ಪು ಹಾಕ್ತೀನಿ, ಮತ್ತೆ ಮೂಸು. ಹಸಿ ವಾಸ್ನೆ ಹೋಗಿ ಘಮ ಏಳುತ್ತಲ್ಲ, ಅಲ್ಲಿಗೆ ಕೈ ನಿಲ್ಸು” ಎಂದಿದ್ದರು. ಅವರಿಂದ ಅದನ್ನು ಕಲಿತವರು ಇಬ್ಬರೇ, ನಾನು ಮತ್ತು ಅವರ ಮಗಳು, ನನ್ನ ನಾದಿನಿ.

“ನಿನ್ ಕೈಲಿ ಆಗಲ್ಲ ಮಾರಾಯ್ತಿ, ತಂಗಿ ಬರ್ತಾಳಲ್ಲ, ಅವ್ಳ ಹತ್ರ ಮಾಡ್ಸು” ಎಂದರು ನಮ್ಮ ಮನೆಯವರು. ನನಗೆ ಸಿಟ್ಟು ನೆತ್ತಿಗೇರಿತು. ಅತ್ತೆಯ ಎಡೆಗೆ ಈ ಮನೆಯ ಸೊಸೆಯ ಮೂಗಲ್ಲದೆ ಮತ್ಯಾವ ಮೂಗು? ಆಲ್ದೂರಿನಿಂದ ಬಂದ ನಾದಿನಿಯನ್ನು ಕಡುಬು ಕಟ್ಟಲು ಜಗಲಿಯಲ್ಲಿ ಕೂರಿಸಿ, ಒಲೆಯ ಮುಂದೆ ನಾನೇ ನಿಂತೆ.

ಕೊಬ್ಬು ಕರಗಲು ಶುರುವಾದದ್ದೇ ಮೂಗಿಗೆ ಸೆರಗು ಬಿಗಿದುಕೊಂಡೆ. ಒಂದು ಚರ್ಮದ ತುಂಡಿನ ಮೇಲೆ ಸುಡದೆ ಉಳಿದ ಕೂದಲು ಕಂಡು ಬಾಯಲ್ಲಿ ನೀರು ಕಿತ್ತುಕೊಂಡು ಬಂತು. ಸೆರಗು ತೆಗೆದು ಹಬೆಗೆ ಮುಖ ಒಡ್ಡಿದೆ. ಬಂದದ್ದು ಹೆಣದ ವಾಸನೆ. ಉಪ್ಪು ಹಾಕಿದೆ. ಆಗಲೂ ಅದೇ ವಾಸನೆ. ಹಿತ್ತಲಿಗೆ ಓಡಿ ಕಕ್ಕಿದೆ, ಮುಖ ತೊಳೆದು ಬಂದು ಮತ್ತೆ ಮೂಸಿದೆ, ಮತ್ತೆ ಉಪ್ಪು ಹಾಕಿದೆ. ಘಮ ಏಳಲೇ ಇಲ್ಲ. ಅದು ಏಳಲಿ ಎಂದು ಹಾಕುತ್ತಲೇ ಹೋದೆ ಅನ್ನಿಸುತ್ತದೆ.

ಎಡೆ ಇಟ್ಟು, ಬಾಗಿಲು ಮುಂದೆ ಮಾಡಿ, ಅತ್ತೆ ಬಂದು ಉಂಡು ಹೋಗಲಿ ಎಂದು ಎಲ್ಲರೂ ಹೊರಗೆ ಕಾದರು. ಆಮೇಲೆ ಪಂಕ್ತಿ ಕೂತಿತು. ಎಡೆಯ ಅಡುಗೆಗೆ ಕೊಂಕು ತೆಗೆಯಬಾರದು, ಎಲೆಯಲ್ಲಿ ಬಿಡಲೂಬಾರದು. ಎಲ್ಲರೂ ಎಲೆ ಖಾಲಿ ಮಾಡಿದರು. ನೀರು, ನೀರು ಎಂದು ಮಾತ್ರ ಕೇಳಿದರು. ಬಡಿಸುತ್ತಿದ್ದ ನಾನು ಚೊಂಬು ಹಿಡಿದು ಪಂಕ್ತಿಯ ಉದ್ದಕ್ಕೂ ಓಡಾಡಿದೆ. ನೆಂಟರಲ್ಲಿ ಹಿರಿಯರೊಬ್ಬರು ಕೈ ತೊಳೆಯುತ್ತ, “ಅಂತೂ ಮೈ ಚೆನ್ನಾಗ್ ಇಳಿಸ್ದೆ ಕಣಮ್ಮ” ಎಂದರು. ಅವರ ಮೇಲೇ ಕಕ್ಕಿಬಿಡಬೇಕು ಅನ್ನಿಸಿತು.

ನೆಂಟರು ಹೊರಟ ಮೇಲೆ ನಮ್ಮ ಮನೆಯವರನ್ನು ಹಿಡಿದು ಕೇಳಿದೆ. “ಹೋಗ್ಲಿ ಬಿಡು” ಎಂದರು. ಬಿಡಲಿಲ್ಲ.

“ಬಾಯಿಗ್ ಇಡಕ್ಕಾಗ್ಲಿಲ್ಲ. ಬರೀ ಉಪ್ಪು” ಎಂದರು.

ನನ್ನತ್ತೆಗೆ ನಾನು ಬಡಿಸಿದ ಮೊದಲ ಎಡೆ ಅದು. ಅಳು ಬಂತು, ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೆ ಹೇಸಿಗೆ ಬಂತು. ಆದರೂ ಆ ವರ್ಷ ಏರನ್ನು ಎಲ್ಲೂ ಕೂರದೆ ಹತ್ತಿದ್ದೆ. ಸೂಜಿ ಬಿಡುವ ಧೈರ್ಯ ನನಗಿರಲಿಲ್ಲ. ಹಿತ್ತಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ ನಾದಿನಿಯ ಹತ್ತಿರ ಹೋಗಿ ಕೂತೆ.

“ಬರೋ ವರ್ಷ ಒಲೆ ಮುಂದೆ ನೀನೇ ನಿಲ್ಲೇ. ನಿಮ್ಮಮ್ಮ ಕಲ್ಸಿದ್ದು ನಿನ್ ಹತ್ರನಾದ್ರೂ ಉಳೀಲಿ” ಎಂದೆ.

ಅವಳು ಮೂಗಿಗೆ ಸೆರಗು ಬಿಗಿದಿದ್ದನ್ನು ನಾನು ಆಗ ಗಮನಿಸಿದೆ.

“ನಂದೂ ಅದೇ ಸೂಜಿ ಶುರುವಾಗಿ ತಿಂಗ್ಳಾಯ್ತು ಅತ್ಗೆ. ಶುಗರ್‌ಗೆ ಅಂತ ಡಾಕ್ಟ್ರು ಬರ್ದಿದಾರೆ” ಎಂದಳು.

ಪಾತ್ರೆಯ ತಳದಲ್ಲಿ ಇನ್ನೂ ಸಾರು ಉಳಿದಿತ್ತು. ಇಬ್ಬರೂ ಆಚೀಚೆ ಹಿಡಿದು, ಮುಖ ತಿರುಗಿಸಿ, ಉಸಿರು ಕಟ್ಟಿಕೊಂಡು ಅತ್ತೆಯ ಎಡೆಯ ಸಾರನ್ನು ಗೊಬ್ಬರದ ಗುಂಡಿಗೆ ಸುರಿದೆವು.