ನಾಯಿಯ ಶ್ರಾವಣ

ಬೈಕಿನ ಕೀಲಿ ಡಾಕ್ಟರ ತೋರುಬೆರಳಿನಲ್ಲಿ ಸದಾ ಗಿರಗಿರ ತಿರುಗುತ್ತಿತ್ತು. ಕುರ್ಚಿ ಕೊಟ್ಟರೆ ತುದಿಯಲ್ಲಿ ಕೂರುವರು, ಚಹಾ ಬರುವಷ್ಟರಲ್ಲಿ ಎದ್ದಿರುವರು. ಹೆಚ್ಚಾಗಿ ನೋಡುತ್ತಿದ್ದುದು ನಾಯಿ-ಬೆಕ್ಕುಗಳನ್ನಾದರೂ ರಾಣೆಬೆನ್ನೂರಿನ ನಮ್ಮ ಓಣಿಗೆ ಅವರು ದನದ ಡಾಕ್ಟರೇ. ಅವರನ್ನು ನೋಡಿದರೆ ನನ್ನ ಕಾಲೂ ಒಂದು ಕಡೆ ನಿಲ್ಲುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಶ್ರಾವಣ ಪೂರ್ತಿ ಮಾಂಸವಿಲ್ಲ. ಹೀಗಾಗಿ ಸಾಕಿದ ನಾಯಿಗೂ ಇಲ್ಲ. ತಿಂಗಳುದ್ದಕ್ಕೂ ಜೋಳದ ರೊಟ್ಟಿ, ಮಜ್ಜಿಗೆ. ಒಂದು ವರ್ಷ ಶ್ರಾವಣ ಮುಗಿದದ್ದೇ ತಡ, ನನ್ನ ತಮ್ಮ ಮೊಬೈಲಿನಲ್ಲಿ ಯಾರದೋ ಮಾತು ಕೇಳಿ, ತೋಳದ ಕುಲಕ್ಕೆ ಬೇಯಿಸಿದ್ದು ಯಾಕೆ ಎಂದು ಬೋಗುಣಿ ತುಂಬ ಹಸಿ ಮಾಂಸ ಹಾಕಿದ. ಮರುದಿನ ನಾಯಿ ರಕ್ತ ಬೆರೆತ ಭೇದಿ ಮಾಡಿ ನೆಲ ಹಿಡಿಯಿತು. ಅಪ್ಪ ತೀರಿಕೊಂಡ ಮೇಲೆ ಅವ್ವ ಅದಕ್ಕೆ ಹಾಕದೆ ಉಂಡವಳಲ್ಲ. ಅವಳೂ ತಾಟು ಸರಿಸಿ ಕುಳಿತಳು. ನಾನು ಬಾಗಿಲಿಗೂ ಹಿತ್ತಲಿಗೂ ಸುಮ್ಮನೆ ಎಡತಾಕಿದೆ.

ಡಾಕ್ಟರು ಬಂದು ಸಲೈನ್ ಹಚ್ಚಿದರು. ಕೀಲಿ ಕಿಸೆಗೆ ಹೋದದ್ದನ್ನು ನಾನು ಕಂಡದ್ದು ಅಂದೇ. ತಮ್ಮನಿಗೆ ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ.

"ಹೊಟ್ಟ್ಯಾಗ ಹೆಪ್ಪು ಇದ್ದಂಗ ಜೀವಾಣು ಇರ್ತಾವ ನೋಡಪಾ. ತಿಂಗಳತನಕ ರೊಟ್ಟಿಗೆ ಒಗ್ಗಿದ್ವು. ಮಾಂಸಕ್ಕೂ ಒಗ್ತಾವ, ಆದ್ರ ಅಷ್ಟು ಲಗೂ ಅಲ್ಲ. ಹಸೀದರಾಗ ಕೆಟ್ಟ ಜೀವಾಣುನೂ ಬರ್ತಾವ. ನಾಯಿ ಒಮ್ಮೊಮ್ಮೆ ತಡಕೊಂತೈತಿ, ಅದು ಕೈ ನೆಕ್ಕಿದ್ರ ನಿಮ್ಮವ್ವ ತಡಕೊಳ್ಳಂಗಿಲ್ಲ."

ಅವ್ವ ನಾಯಿಯ ಮೂತಿಯ ಮೇಲಿಟ್ಟ ಕೈ ತೆಗೆಯಲಿಲ್ಲ. ಡಾಕ್ಟರು ತಾವೇ ಸಾಬೂನು ಕೇಳಿ ತಗೊಂಡು ಅವಳ ಕೈ ತೊಳೆದರು. ಅವತ್ತು ಚಹಾ ಕುಡಿದೇ ಹೋದರು.

ನಾಯಿ ಗಂಜಿ ನೆಕ್ಕಿದ ದಿನ ಅವ್ವ ಉಂಡಳು.

ಶ್ರಾವಣ ಮುಗಿದ ವಾರವೆಂದರೆ ಇಂಥ ನಾಯಿಗಳು ಊರ ತುಂಬ ಎಂದು ಆಮೇಲೆ ತಿಳಿಯಿತು. ಅದಕ್ಕೇ ಮರುವರ್ಷದಿಂದ ಪ್ರತಿ ಶ್ರಾವಣದ ಕೊನೆಗೆ ಡಾಕ್ಟರು ಹಲಗೇರಿ ಹಳ್ಳಿಯವರೆಗೆ ತಿರುಗಿ, ನಾಯಿ ಸಾಕಿದವರ ಬಾಗಿಲಲ್ಲಿ ಬೈಕ್ ನಿಲ್ಲಿಸಿ, ಇಳಿಯದೆಯೇ, "ಕುದಿಸಿ ಹಾಕ್ರಿ, ಸ್ವಲ್ಪ ಸ್ವಲ್ಪ ಹಾಕ್ರಿ" ಎಂದು ಹೇಳಿ ಹೊರಟುಬಿಡುತ್ತಿದ್ದರು.

ಈ ಸಲ ಆಷಾಢದಲ್ಲಿ ಎದೆನೋವು ಬಂದು ಅವರು ತೀರಿಕೊಂಡರು. ಶ್ರಾವಣ ಮುಗಿಯುತ್ತ ಬಂದಾಗ, ಈ ವರ್ಷ ಯಾರು ಹೇಳುತ್ತಾರೆ ಎಂದು ಅವ್ವ ಕೇಳುತ್ತಲೇ ಇದ್ದಳು. ನನಗೆ ಕೂರಲಾಗಲಿಲ್ಲ. ಗಾಡಿ ತೆಗೆದುಕೊಂಡು ಹೊರಟೆ. ಹಲಗೇರಿಯ ಮೊದಲ ಮನೆಯ ಮುಂದೆ ನಿಲ್ಲಿಸಿ, ಇಳಿಯದೆಯೇ, ಅವರ ಮಾತನ್ನೇ ಹೇಳಿದೆ.

ಕಟ್ಟೆಯ ಮೇಲಿದ್ದ ಅಜ್ಜಿ ನನ್ನನ್ನು ದಿಟ್ಟಿಸಿ, "ಡಾಕ್ಟರ್ ಬರಲಿಲ್ಲೇನ?" ಅಂದಳು.

"ಅವರೇ ಕಳಿಸ್ಯಾರಬೇ," ಅಂದೆ. ಅಳು ಬಂತು. ಮುಂದಿನ ಮನೆಗೆ ಹೊರಟೆ.