ಎರೆಮಣ್ಣಿನಲ್ಲಿ ರೂತ್

ನೆಲ ಹೀಗೂ ಬಾಯಿಬಿಡುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಬೇಸಿಗೆಯ ಒಂದು ಬೆಳಿಗ್ಗೆ ಮಾನ್ವಿಯ ಕ್ರೈಸ್ತರ ಸ್ಮಶಾನಕ್ಕೆ ಹೋದರೆ, ನನ್ನ ಮಗಳು ರೂತಳ ಪುಟ್ಟ ಸಮಾಧಿಯ ಮೇಲೆ ಕೈ ತೂರುವಷ್ಟು ಬಿರುಕು. ಅಲ್ಲೇ ಕುಳಿತು ಎರಡೂ ಕೈಯಿಂದ ಮಣ್ಣು ಬಾಚಿ ತುಂಬತೊಡಗಿದೆ.

ನಮ್ಮ ಉಡುಪಿ ಕಡೆಯ ಮುರಕಲ್ಲಿನ ನೆಲ ಹೀಗೆ ಮಾಡುವುದಿಲ್ಲ. ಬ್ಯಾಂಕಿನವರು ಗಂಡನನ್ನು ಇಲ್ಲಿಗೆ ವರ್ಗ ಮಾಡಿದಾಗ ನಾನು ಬಸುರಿ. ಕುಚ್ಚಲಕ್ಕಿ ಗಂಜಿ, ಮೀನು ಬಿಟ್ಟು ಜೋಳದ ರೊಟ್ಟಿಗೆ, ಹುಳಿಸೊಪ್ಪಿನ ಪುಂಡಿಪಲ್ಯಕ್ಕೆ ನಾಲಿಗೆ ಹೇಗೋ ಒಗ್ಗಿತು. ರೊಟ್ಟಿ ಹರಿಯದಂತೆ ಬಡಿದ ದಿನ ಊರಿಗೆ ಫೋನು ಮಾಡಿ ಜಂಬ ಕೊಚ್ಚಿಕೊಂಡೆ. ಒಗ್ಗದೆ ಉಳಿದದ್ದು ಇಲ್ಲಿನ ಚರ್ಚು. ನಮ್ಮಲ್ಲಿ ಬೆಂಚು, ಪುಸ್ತಕ, ಪಾದ್ರಿಯೊಬ್ಬರ ಪ್ರಾರ್ಥನೆ, ಕೊನೆಗೆ ನಮ್ಮದೊಂದು ಆಮೆನ್. ಇಲ್ಲಿ ಚಪ್ಪಲಿ ಹೊರಗೆ ಬಿಟ್ಟು, ತಲೆಗೆ ಸೆರಗು ಹೊದ್ದು ಜಮಖಾನದ ಮೇಲೆ ಕುಳಿತರೆ, ಎಲ್ಲರೂ ಒಟ್ಟಿಗೇ ಗಟ್ಟಿಯಾಗಿ, ಅವರವರ ಮಾತಿನಲ್ಲಿ ಬೇಡುತ್ತಾರೆ. ಇದೇನು ಸಂತೆಯೋ ಅನ್ನಿಸಿತ್ತು. ದೇವರಿಗಾದರೂ ಯಾರ ಮಾತು ಕೇಳಿಸೀತು?

ರೂತ್ ರಾಯಚೂರಿನ ಆಸ್ಪತ್ರೆಯಲ್ಲಿ ಹುಟ್ಟಿದಳು, ಬೆಳಗಾಗುವುದರೊಳಗೆ ಹೋದಳು. ಕಾರಣ ಡಾಕ್ಟರಿಗೂ ತಿಳಿಯಲಿಲ್ಲ. "ದೇವರ ಚಿತ್ತ" ಎಂದು ಪಾದ್ರಿಗಳು ಅಂದಾಗ ಸಿಟ್ಟು ನೆತ್ತಿಗೇರಿತು. ಅಂದಿನಿಂದ ಪ್ರಾರ್ಥನೆಗೆ ನನ್ನ ಬಾಯಿ ತೆರೆಯಲಿಲ್ಲ. ಚರ್ಚಿಗೆ ಹೋಗುತ್ತಿದ್ದೆ, ಗೋಡೆಗೆ ಒರಗಿ ಸುಮ್ಮನೆ ಕೂರುತ್ತಿದ್ದೆ.

ಆ ಬೆಳಿಗ್ಗೆ ನನ್ನ ಕೈ ಹಿಡಿದು ನಿಲ್ಲಿಸಿದವರು ನಮ್ಮ ಬಾಡಿಗೆ ಮನೆಯ ಒಡತಿ ಸಾರಮ್ಮ. ನಾನು ಒಬ್ಬಳೇ ಹೊರಟಿದ್ದು ಕಂಡು ಹಿಂದೆಯೇ ಬಂದಿದ್ದರಂತೆ.

"ತುಂಬಬ್ಯಾಡವ್ವ. ಎರಿ ಭೂಮಿ, ಬ್ಯಾಸಗ್ಯಾಗ ಬಿರೀತದ. ಮಳಿ ಬಂದ್ರ ತಾನ ಕೂಡ್ತದ."

"ದೇವರು ಯಾಕಮ್ಮ ಹೀಗೆ ಮಾಡಿದ?" ಎಂದೆ.

"ನನಗೇನ್ ಗೊತ್ತವ್ವ? ನನ್ನ ಮಗನ್ನ ದೇವದುರ್ಗದಾಗ ಮಣ್ಣ ಮಾಡಿ ಬಂದೀನಿ. ಇವತ್ತಿನ ತನಕ ಕೇಳಾಕತ್ತೀನಿ. ಅಂವ ಹೇಳಿಲ್ಲ."

"ಮತ್ತೆ ನಂಬುವುದು ಯಾಕೆ?"

"ನಂಬದಿದ್ರ ಯಾರ ಕೂಡ ಜಗಳಾಡ್ಲಿ?"

ಆ ಮಾತು ನನಗೆ ಪೂರ್ತಿ ಅರ್ಥವಾಗಲಿಲ್ಲ, ಈಗಲೂ ಆಗಿಲ್ಲ. ಆದರೆ ಮುಂದಿನ ಭಾನುವಾರ ಎಲ್ಲರ ಗದ್ದಲ ಏಳುತ್ತಿದ್ದಂತೆ ನನ್ನ ಬಾಯಿಯೂ ಬಿಚ್ಚಿತು. ಸೆರಗಿನೊಳಗೆ ಮುಖ ಹುದುಗಿಸಿ, ಮನೆಮಾತು ತುಳುವಿನಲ್ಲಿ, ದೇವರನ್ನು ಬಾಯಿಗೆ ಬಂದಂತೆ ಬೈದೆ. ಪಕ್ಕದವರಿಗೂ ಕೇಳಿಸಲಿಲ್ಲ. ಊರಿನ ನಿಶ್ಶಬ್ದ ಚರ್ಚಿನಲ್ಲಿ ಇದು ಆಗುತ್ತಿರಲಿಲ್ಲ. ಕೊನೆಗೆ ಅಭ್ಯಾಸಬಲದಿಂದ ಆಮೆನ್ ಅಂದೆ.

ಮಳೆ ಬಂತು, ಬಿರುಕು ಕೂಡಿತು. ನನ್ನ ದುಃಖ ಹಾಗೇ ಇದೆ, ಜಗಳವೂ ನಡೆದಿದೆ.

ಈಗ ಗಂಡನಿಗೆ ಊರಿಗೇ ಮರಳಿ ವರ್ಗವಾಗಿದೆ. ಅಮ್ಮನಿಗೆ ಖುಷಿಯೋ ಖುಷಿ. "ಅಲ್ಲಿ ಇನ್ನೇನುಂಟು ನಿನಗೆ? ಬೇಗ ಹೊರಟು ಬಾ ಮಾರಾಯ್ತಿ" ಅನ್ನುತ್ತಾಳೆ. ಸಮುದ್ರದ ಗಾಳಿ, ಅಮ್ಮನ ಕೈಯ ಮೀನುಸಾರು ನನಗೂ ಬೇಕು.

ನಿನ್ನೆ ಸಾರಮ್ಮ ದಾರಿಗೆಂದು ರೊಟ್ಟಿ ಬುತ್ತಿ ಕಟ್ಟುತ್ತ, "ರೂತನವ್ವಾ, ಬ್ಯಾಸಗ್ಯಾಗ ನಾ ಹೋಗಿ ನೋಡಿ ಬರ್ತೀನಿ, ನೀ ಹೆದರಬ್ಯಾಡ" ಎಂದರು. ಈ ಓಣಿಯಲ್ಲಿ ಎಲ್ಲರೂ ನನ್ನನ್ನು ಕರೆಯುವುದು ಹಾಗೆಯೇ. ಊರಿನಲ್ಲಿ ಯಾರೂ ರೂತಳನ್ನು ನೋಡಿಲ್ಲ. ಅಲ್ಲಿಗೆ ಹೋದರೆ ನಾನು ಮತ್ತೆ ನನ್ನಮ್ಮನ ಮಗಳಷ್ಟೇ. ರೂತಳ ಅವ್ವ ಮಾನ್ವಿಯಲ್ಲೇ ಉಳಿಯುತ್ತಾಳೆ.